ಅವರು ಕುಡಿದಿರಲಿಲ್ಲ

ನನ್ನ ಯಜಮಾನರು ಪುಟ್ಟಸ್ವಾಮಿ ಕುಡಿಯುತ್ತಿರಲಿಲ್ಲ. ಬೇರೆ ಏನನ್ನೇ ಬರೆಯುವ ಮೊದಲು ಇದನ್ನು ಬರೆದುಬಿಡಬೇಕು. ಅವರು ತೀರಿಕೊಂಡು ಇಷ್ಟು ಕಾಲವಾದರೂ ನಮ್ಮೂರು ಕ್ಯಾತನಹಳ್ಳಿಯಲ್ಲಿ ಯಾರಾದರೂ ‘ಲಿವರ್ ಹೋಗಿತ್ತಂತೆ’ ಎಂದರೆ ಪಕ್ಕದಲ್ಲಿದ್ದವರು ಹೆಬ್ಬೆರಳನ್ನು ಬಾಯಿಯ ಹತ್ತಿರ ಎತ್ತಿ ತೋರಿಸುತ್ತಾರೆ. ಆ ಹೆಬ್ಬೆರಳು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. ನಾನು ಜಗಳವಾಡುವ ಹೆಂಗಸಲ್ಲ. ನಾಗಮಂಗಲದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾಗಿ ಬಂದವಳು, ನಾಲ್ಕು ಜನರ ಮುಂದೆ ಎದ್ದು ನಿಂತು ಮಾತಾಡಿದ್ದು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ಅವರು ಹಾಲಿನ ಡೈರಿಯಲ್ಲಿ ಕೆಲಸದಲ್ಲಿದ್ದರು. ಹಾಲು ಅಳೆಯುವುದು, ನೀರು ಬೆರೆತಿದೆಯೇ ಎಂದು ನೋಡುವುದು. ಆ ಕೆಲಸಕ್ಕೆ ಕೈ ನೆಟ್ಟಗಿರಬೇಕು, ಕಣ್ಣು ನೆಟ್ಟಗಿರಬೇಕು. ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಎರಡೂ ತಪ್ಪತೊಡಗಿದವು. ಹಗಲು ಹೊತ್ತು ಕ್ಯಾನಿನ ಮೇಲೆ ಕೂತಲ್ಲೇ ತೂಕಡಿಸುವರು, ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡು ಹಟ್ಟಿಯಲ್ಲಿ ತಿರುಗಾಡುವರು. ಅಂಗಿಯ ಗುಂಡಿ ಹಾಕಲು ಹೋಗಿ ಅರ್ಧಕ್ಕೆ ಮರೆತು ನಿಲ್ಲುವರು. ಒಂದು ದಿನ ಹಾಲು ನೋಡುವ ಗಾಜಿನ ಕಡ್ಡಿಯನ್ನು ನೀರಿನ ಡ್ರಮ್ಮಿನಲ್ಲಿ ಇಳಿಬಿಟ್ಟು, ‘ಇದ್ಯಾಕೆ ಇಷ್ಟು ನೀರು ಬೆರೆಸವ್ರೆ’ ಎಂದರಂತೆ. ಹಾಲು ಹಾಕಲು ಬಂದವರಿಗೆ ನಗಲು ಅಷ್ಟು ಸಾಕಾಯಿತು.

“ಏನ್ ಪುಟ್ಸಾಮಿ, ಒತ್ತಾರೇನೇ ಆಕ್ಬುಟ್ಟಿದ್ದೀಯಲ್ಲಾ.”

ಇವರೂ ಅವರ ಜೊತೆ ನಗುತ್ತಿದ್ದರು. ಏಕೆ ನಗುತ್ತಿದ್ದಾರೆಂದು ಇವರಿಗೆ ತಿಳಿಯುತ್ತಿರಲಿಲ್ಲ.

ಬಾಯಿಯಿಂದ ಒಂದು ವಾಸನೆ ಬರುತ್ತಿತ್ತು. ತೀರಾ ಮಾಗಿ ಕೊಳೆಯುವುದಕ್ಕೆ ಬಂದ ಹಣ್ಣಿನಂಥ, ಸಿಹಿಯೂ ಮುಗ್ಗಲೂ ಕೂಡಿದ ವಾಸನೆ. ಸಾರಾಯಿ ಪ್ಯಾಕೆಟ್ಟಿನ ವಾಸನೆ ಯಾವುದೆಂದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ, ಇದು ಅದಲ್ಲ. ಆದರೂ ಎಲ್ಲರಿಗೂ ಅದೇ ಆಗಿ ಕಂಡಿತು. ನನ್ನ ತಾಯಿಯೂ ನಾಗಮಂಗಲದಿಂದ ಬಂದು, ಅಳಿಯನ ತೋಳಿಗೆ ತಾಯತ ಕಟ್ಟಿ, ನನ್ನನ್ನು ಮೂಲೆಗೆ ಕರೆದು, “ನಿಜ ಏಳೇ ಜಯಾ, ಯಾವಾಗಿಂದ ಸುರು ಅಚ್ಕೊಂಡವ್ರೆ” ಎಂದು ಕೇಳಿದಳು. ಪಾಂಡವಪುರದ ಒಬ್ಬ ಡಾಕ್ಟರು ಗ್ಲೂಕೋಸ್ ಏರಿಸಿ, “ಮೊದ್ಲು ಅದನ್ನ ಬಿಡ್ಸಿ, ಆಮೇಲೆ ನನ್ನ ಹತ್ರ ಕರ್ಕೊಂಬನ್ನಿ” ಎಂದರು. ಯಾವುದನ್ನು ಬಿಡಿಸುವುದು?

ಒಂದು ಬೆಳಿಗ್ಗೆ ಕಾಫಿ ಕೊಡಲು ಹೋದರೆ ನನ್ನನ್ನು ನೋಡಿ “ಅವ್ವ” ಎಂದರು. ನಮ್ಮತ್ತೆ ಸತ್ತು ಬಹಳ ವರ್ಷವಾಗಿತ್ತು. ಹಾಲಿನ ವ್ಯಾನಿನಲ್ಲೇ ಮಲಗಿಸಿಕೊಂಡು ಮೈಸೂರಿಗೆ ಹೋದೆವು. ನಾನು, ನನ್ನ ಭಾವ ಬೋರೇಗೌಡರು. ಭಾವ ಎಂದರೆ ಇವರ ಅಣ್ಣ. ಆ ದಿನ ವ್ಯಾನಿನಲ್ಲಿ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವರು ಅವರೇ. ಅದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ.

ಆಸ್ಪತ್ರೆಯಲ್ಲಿ ಮೊದಲು ನೋಡಿದ ಚಿಕ್ಕ ವಯಸ್ಸಿನ ಡಾಕ್ಟರು ಮೂಗು ಹತ್ತಿರ ತಂದು, ಹಿಂದೆ ಸರಿದು, “ಎಷ್ಟು ವರ್ಷದಿಂದ ಕುಡೀತಾರೆ?” ಎಂದರು. ಕುಡಿಯುವುದಿಲ್ಲ ಎಂದೆ. “ಹೆಂಡ್ತಿಯರೆಲ್ಲ ಹೀಗೇ ಹೇಳೋದು” ಎಂದು ನಕ್ಕು ಏನೋ ಬರೆದುಕೊಂಡರು. ಗೋಡೆಯ ಪಕ್ಕದ ಬೆಂಚಿನಲ್ಲಿ ಮಧ್ಯಾಹ್ನದವರೆಗೆ ಕೂತೆವು. ಆ ಬೆಂಚಿನಲ್ಲಿ ಕೂತವರೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ಬಾಗಿಲನ್ನೇ ನೋಡುತ್ತಿದ್ದರು. ಬಾಗಿಲು ತೆರೆದಾಗ ಎಲ್ಲರೂ ಒಟ್ಟಿಗೆ ಅರ್ಧ ಏಳುವುದು, ಬೇರೆಯವರ ಹೆಸರು ಕೂಗಿದರೆ ಒಟ್ಟಿಗೆ ಕೂರುವುದು.

ಆಮೇಲೆ ವಯಸ್ಸಾದ ಒಬ್ಬ ಡಾಕ್ಟರಮ್ಮ ಬಂದರು. ಅವರು ಮೂಸಲಿಲ್ಲ. ಇವರನ್ನು ಎಬ್ಬಿಸಿ ಕೂರಿಸಿ, “ಬಸ್ ನಿಲ್ಸೋಕೆ ಕೈ ಅಡ್ಡ ಹಿಡೀತೀರಲ್ಲ, ಹಾಗೆ ಎರಡೂ ಕೈ ಚಾಚಿ” ಎಂದರು. ಎರಡು ಮೂರು ಸಲ ಹೇಳಿದ ಮೇಲೆ ಇವರು ಚಾಚಿದರು. ಚಾಚಿದ ಅಂಗೈಗಳು ಮಣಿಕಟ್ಟಿನಿಂದ ಪಟ್ಟನೆ ಕೆಳಗೆ ಬಿದ್ದವು. ಮತ್ತೆ ಎದ್ದವು, ಮತ್ತೆ ಬಿದ್ದವು. ರೆಕ್ಕೆ ಮುರಿದ ಕೋಳಿ ಒದ್ದಾಡುವ ಹಾಗೆ. ಡಾಕ್ಟರಮ್ಮ ಆ ಚಿಕ್ಕ ಡಾಕ್ಟರನ್ನು ಕರೆದು ತೋರಿಸಿದರು. ಆತ ನಗಲಿಲ್ಲ. ನನ್ನ ಹತ್ತಿರ ಬಂದು ತಪ್ಪಾಯಿತು ಎನ್ನಲೂ ಇಲ್ಲ.

“ಮನೇಲಿ ದನ ಇದಾವಾ?” ಡಾಕ್ಟರಮ್ಮ ನನ್ನನ್ನು ಕೇಳಿದರು.

ಇವೆ ಎಂದೆ.

“ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದ್ರೆ ಗಂಜಲದ ಘಾಟು ಕಣ್ಣಿಗೆ ಹೊಡೆಯುತ್ತಲ್ಲ, ಅದೇ ಅಮೋನಿಯ. ನಾವು ತಿಂದದ್ದರಿಂದ ಹೊಟ್ಟೆಯಲ್ಲೂ ಅದು ಹುಟ್ಟುತ್ತೆ. ಲಿವರ್ ಅದನ್ನ ತೊಳೆದು ಹಾಕುತ್ತೆ. ಇವರ ಲಿವರ್ ತೊಳೀತಾ ಇಲ್ಲ. ಅದು ರಕ್ತದಲ್ಲಿ ಸೇರಿ ಮೆದುಳಿಗೆ ಹೋಗಿದೆ.”

ಮರುದಿನ ಮೆದುಳಿನ ಕರೆಂಟು ನೋಡುವ ಕೋಣೆಗೆ ಕರೆದುಕೊಂಡು ಹೋದರು. ತಲೆಯ ತುಂಬ ಅಂಟು ಹಚ್ಚಿ ತಂತಿಗಳನ್ನು ಅಂಟಿಸಿದರು. ಪಕ್ಕದ ಯಂತ್ರದಲ್ಲಿ ಉದ್ದನೆಯ ಕಾಗದ ಓಡತೊಡಗಿತು, ಅದರ ಮೇಲೆ ಸಾಲಾಗಿ ಸಣ್ಣ ಪೆನ್ನುಗಳು ಕಿರಗುಟ್ಟುತ್ತ ಗೀಚಿದವು. “ಕಣ್ಣು ಮುಚ್ಚಿ. ಕಣ್ಣು ಬಿಡಿ” ಎಂದು ಆ ಕೋಣೆಯವರು ಹೇಳುತ್ತಲೇ ಇದ್ದರು. ಎಚ್ಚರ ಇರುವವರು ಕಣ್ಣು ಬಿಟ್ಟ ಕೂಡಲೇ ಆ ಗೀಟುಗಳು ಬದಲಾಗುತ್ತವಂತೆ. ಇವರದು ಬಿಟ್ಟರೂ ಅದೇ, ಮುಚ್ಚಿದರೂ ಅದೇ. ಗೀಟುಗಳು ಚಿಕ್ಕದಾಗಿ, ಬೇಗಬೇಗ ಇರಬೇಕಿತ್ತು ಎಂದರು ಡಾಕ್ಟರಮ್ಮ. ನಾಲೆಯ ತೂಬಿನ ಬಾಯಲ್ಲಿ ನೀರು ಸಣ್ಣಗೆ ಕುಣಿಯುತ್ತದಲ್ಲ, ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ಕಾಗದದ ಮೇಲೆ ಇದ್ದದ್ದು ಎಮ್ಮೆ ಕೆರೆಗಿಳಿದಾಗ ಏಳುವ ಅಲೆ. ದೊಡ್ಡದು, ನಿಧಾನ. ಒಂದು ಎದ್ದು ಬಿದ್ದು, ಇನ್ನೊಂದು ಏಳಲೋ ಬೇಡವೋ ಎನ್ನುತ್ತಿತ್ತು. ನನ್ನ ಗಂಡ ಅದರ ಕೆಳಗೆಲ್ಲೋ ಇದ್ದರು.

“ಕುಡಿಯೋರಿಗೆ ಬರೋದಾ ಇದು?” ಎಂದು ಕೇಳಿದ್ದು ಭಾವ.

“ಹಳೇ ಕಾಮಾಲೆ ಒಳಗೇ ಉಳಿದುಕೊಂಡು ಲಿವರ್ ಕೆಡಿಸಿದೆ. ರಕ್ತ ಪರೀಕ್ಷೆಯಲ್ಲಿ ಅದು ಸಿಕ್ಕಿದೆ. ಕುಡಿಯದೇ ಇರೋರಿಗೂ ಬರುತ್ತೆ,” ಎಂದರು ಡಾಕ್ಟರಮ್ಮ. “ಕುಡಿಯೋರಿಗೆ ಬಂದ್ರೂ ಇದು ಕಾಯಿಲೇನೇ. ಅವರನ್ನೂ ಆಸ್ಪತ್ರೆಗೇ ತರಬೇಕು.”

ಭಾವ ತಲೆಯಾಡಿಸಿದರು. ಅವರಿಗೆ ಆ ದಿನವೇ ಎಲ್ಲ ಗೊತ್ತಾಗಿತ್ತು ಎಂಬುದನ್ನು ನೀವು ನೆನಪಿನಲ್ಲಿಡಬೇಕು.

ಹೊಟ್ಟೆ ತೊಳೆದರು, ಮೂಗಿನ ಕೊಳವೆಯಲ್ಲಿ ಒಂದು ಸಿಹಿ ಪಾನಕದಂಥ ಔಷಧಿ ಬಿಟ್ಟರು. ಅದು ಭೇದಿ ಮಾಡಿಸಿ ವಿಷವನ್ನು ಹೊರಗೆ ಹಾಕುತ್ತದೆ. ಬಟ್ಟೆ ಬದಲಿಸಿ ಬದಲಿಸಿ ನನ್ನ ಹತ್ತಿರ ಬಟ್ಟೆ ಮುಗಿದವು. ಪಕ್ಕದ ಹಾಸಿಗೆಯಲ್ಲಿ ಶ್ರೀರಂಗಪಟ್ಟಣದ ಒಬ್ಬ ಮುಸಲ್ಮಾನರು ಮಲಗಿದ್ದರು. ಅವರ ಹೆಂಡತಿ ತನ್ನ ಎರಡು ಹಳೆಯ ಸೀರೆಗಳನ್ನು ಉದ್ದಕ್ಕೆ ಹರಿದು ನನ್ನ ಮುಂದೆ ಇಟ್ಟರು. ನಾನು ಬೇಡ ಎನ್ನುವಷ್ಟರಲ್ಲಿ, “ಸುಮ್ನೆ ತಗೋ ಬೆಹೆನ್, ಸೀರೆ ನಗಲ್ಲ” ಎಂದರು. ಅಷ್ಟು ದಿನ ನಕ್ಕವರನ್ನೇ ನೋಡಿದ್ದ ನನಗೆ ಆ ಮಾತು ಈಗಲೂ ನೆನಪಿದೆ.

ಕೆಲವು ದಿನಗಳ ಮೇಲೆ ಬೆಳಿಗ್ಗೆ ಇವರು ಕಣ್ಣು ಬಿಟ್ಟು ಮೇಲಿನ ಫ್ಯಾನು ನೋಡಿದರು. ನನ್ನನ್ನು ನೋಡಿದರು.

“ಲೇ ಜಯಾ, ಡೈರಿ ಬೀಗದ ಕೈ ಎಲ್ಲಿ ಮಡಗಿದ್ದೀಯೆ?”

ನಾನು ನಲ್ಲಿಯ ಹತ್ತಿರ ಹೋಗಿ ನೀರು ಬಿಟ್ಟುಕೊಂಡು ಅತ್ತೆ.

ಮನೆಗೆ ಬಂದ ಮೇಲೆ ಬದುಕು ಬೇರೆಯಾಯಿತು. ಬಾಡು ಬೇಡ, ಮೊಟ್ಟೆ ಬೇಡ, ಬೇಳೆ ಸ್ವಲ್ಪ ಎಂದಿದ್ದರು. ಆಗ ಹಾಗೆ ಹೇಳುತ್ತಿದ್ದರು. ಈಗಿನ ಡಾಕ್ಟರುಗಳು ಅಷ್ಟು ಕಟ್ಟುನಿಟ್ಟಾಗಿ ಬಿಡಿಸುವುದಿಲ್ಲ, ಔಷಧಿ ತಪ್ಪಿಸುವುದೇ ದೊಡ್ಡ ಅಪಾಯ ಎನ್ನುತ್ತಾರೆ. ಔಷಧಿ ಕುಡಿದು ದಿನಕ್ಕೆ ಮೂರು ನಾಲ್ಕು ಸಲ ಹೊರಗೆ ಹೋಗಲೇಬೇಕು. ನಮ್ಮ ಮನೆಯಲ್ಲಿ ಪಾಯಿಖಾನೆ ಇರಲಿಲ್ಲ. ಇವರು ಚೊಂಬು ಹಿಡಿದು ಕಬ್ಬಿನ ಗದ್ದೆಗೆ ಹೋಗಿ ಬರುವುದನ್ನು ನೋಡಿ ಊರವರು, “ಪುಟ್ಸಾಮಿ ಒಬ್ನೇ ಈ ವರ್ಸ ಗೊಬ್ರಕ್ಕೆ ಸಾಕು ಕಣ್ಲಾ” ಎನ್ನುತ್ತಿದ್ದರು. “ಊಂ ಕಣ್ಲಾ, ನಿನ್ ಗದ್ದೇಗೂ ಬೇಕಾದ್ರೆ ಏಳು” ಎಂದು ಇವರೂ ಹೇಳುತ್ತಿದ್ದರು. ಈ ನಗು ನನಗೆ ಕಷ್ಟವಾಗಲಿಲ್ಲ. ಇದರಲ್ಲಿ ಇವರೂ ಇದ್ದರು.

ಬೆಳಿಗ್ಗೆ ಎದ್ದ ಕೂಡಲೇ ಬೆಂಕಿಕಡ್ಡಿಗಳಿಂದ ಒಂದು ನಕ್ಷತ್ರ ಜೋಡಿಸಲು ಹೇಳಿ ಎಂದಿದ್ದರು ಡಾಕ್ಟರಮ್ಮ. ವಿಷ ಮತ್ತೆ ತಲೆಗೇರುವಾಗ ಮೊದಲು ಕೆಡುವುದು ಇಂಥ ಕೈಗೆಲಸ. ದಿನಾ ಒಲೆ ಹಚ್ಚುವ ಮುಂಚೆ ಐದು ಕಡ್ಡಿಗಳನ್ನು ಇವರ ಮುಂದೆ ಇಡುತ್ತಿದ್ದೆ. “ಮದ್ವೆಗ್ ಮುಂಚೆ ಇಂಗೆ ಪರೀಕ್ಸೆ ಮಡಗಿದ್ರೆ ನಾನು ಪೇಲಾಗಿ ತಪ್ಪಿಸ್ಕತಿದ್ದೆ ಕಣೆ” ಎನ್ನುತ್ತ ಜೋಡಿಸುವರು. ಸರಿಯಾದ ದಿನ ಅದೇ ಕಡ್ಡಿಯಲ್ಲಿ ಒಲೆ ಹಚ್ಚುತ್ತಿದ್ದೆ. ಒಂದು ಭಾನುವಾರ ಕರಿಘಟ್ಟಕ್ಕೂ ಹೋಗಿಬಂದೆವು. ಮೆಟ್ಟಿಲನ್ನು ನಿಧಾನವಾಗಿ ಹತ್ತಿ, ಮೇಲೆ ಕೂತು, ಲೋಕಪಾವನಿ ಕಾವೇರಿಗೆ ಸೇರುವ ಜಾಗವನ್ನು ನನಗೆ ಬೆರಳು ಮಾಡಿ ತೋರಿಸಿದರು. ಚಾಚಿದ ಕೈ ಅಲುಗಲಿಲ್ಲ. ನಾನು ನದಿ ನೋಡಲಿಲ್ಲ, ಕೈಯನ್ನೇ ನೋಡಿದೆ.

ಇನ್ನು ಆ ಮದುವೆಯ ವಿಷಯ.

ಭಾವನ ಮಗಳು ಸವಿತಳಿಗೆ ಕಿಕ್ಕೇರಿಯ ಆಚೆಯ ಒಂದು ಊರಿನಿಂದ ಗಂಡು ಗೊತ್ತಾಯಿತು. ಒಳ್ಳೆಯ ಜನ. ಭಾವ ನಮ್ಮ ಮನೆಗೆ ಬಂದು, “ನಿನ್ ಕಾಯ್ಲೆ ಇಸ್ಯ ಅವ್ರ ಕಿವಿಗೆ ಬೀಳಬಾರ್ದು ಕಣ್ಲಾ. ವಂಸದಲ್ಲಿ ಐತೆ ಅಂದ್ಕಂಡ್ರೆ ಕೂಸ್ನ ಬಾಳು ಕೆಟ್ಟೋಯ್ತದೆ” ಎಂದರು. ಇವರು ಒಪ್ಪಿದರು. ಸವಿತಳೆಂದರೆ ಇವರಿಗೆ ಪ್ರಾಣ. ಮದುವೆ ಚೆನ್ನಾಗಿ ನಡೆಯಿತು.

ಮದುವೆಯಾದ ಮೇಲೆ ಬೀಗರೂಟ. ನಮ್ಮ ಕಡೆ ಮದುವೆಗಿಂತ ಅದು ದೊಡ್ಡದು. ಗಂಡಿನ ಮನೆಯವರು ಮರಿ ಕಡಿದು, ಹೆಣ್ಣಿನ ಕಡೆಯವರನ್ನೆಲ್ಲ ಕರೆದು, ಚಪ್ಪರದಲ್ಲಿ ಸಾಲಾಗಿ ಕೂರಿಸಿ, ತಿನ್ನು ತಿನ್ನು ಎಂದು ಮೇಲೆ ಬಿದ್ದು ಬಡಿಸಬೇಕು. ಹೆಣ್ಣಿನ ಕಡೆಯವರು ಬೇಡ ಎನ್ನಬಾರದು. ಎಲೆಯಲ್ಲಿ ಬಿಟ್ಟು ಎದ್ದರೆ ಬೀಗರಿಗೆ ಅವಮಾನ. ಅಂದು ಕುಡಿದವರನ್ನು ಯಾರೂ ಬೈಯುವುದಿಲ್ಲ. ಬೀಗರೂಟದಲ್ಲಿ ಕುಡಿದು ಬಿದ್ದರೆ ಊಟ ಚೆನ್ನಾಗಿತ್ತು ಎಂದೇ ಅರ್ಥ.

ಆ ಬೆಳಿಗ್ಗೆ ಬೆಂಕಿಕಡ್ಡಿ ಇಟ್ಟೆ. ಇವರು ಎರಡನ್ನು ಜೋಡಿಸಿ ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡಿದ್ದಾಗ ಭಾವ ಒಳಗೆ ಬಂದರು. “ಏನವ್ವ ಇದು ಮಕ್ಕಳಾಟ, ಬಸ್ಸು ಒಂಟೋಯ್ತದೆ” ಎಂದು ಕಡ್ಡಿಗಳನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು. ಚೀಲದಲ್ಲಿ ನಾನು ಇಟ್ಟಿದ್ದ ಔಷಧಿ ಬಾಟಲಿಯನ್ನು ತೆಗೆದು ಗೂಡಿನಲ್ಲಿಟ್ಟರು. “ಬೀಗ್ರ ಮನೇಗೆ ಔಸ್ದಿ ಬಾಟ್ಲಿ ಇಡ್ಕಂಡು ಓದಾರಾ? ನಾಕು ಸಲ ಚೊಂಬು ಇಡ್ಕಂಡು ಓಡಾಡುದ್ರೆ ಅವ್ರು ಏನಂದ್ಕಂಡಾರು? ಒಂದಿನ ಬುಟ್ರೆ ಏನೂ ಆಗಕಿಲ್ಲ ಬುಡು.” ನಾನು ಬಾಟಲಿಗೆ ಕೈ ಚಾಚಿದೆ. ಇವರೇ ತಡೆದರು. “ಬುಡು ಜಯಾ, ಸಂಜೀಕೆ ಬಂದ್ ಕುಡೀತೀನಿ.”

ಚಪ್ಪರದಲ್ಲಿ ಇವರನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ಹೆಣ್ಣಿನ ಚಿಕ್ಕಪ್ಪನಲ್ಲವೇ. ಎಲೆಗೆ ಮುದ್ದೆ ಬಿತ್ತು, ಬಾಡಿನ ಸಾರು ಬಿತ್ತು, ಬೋಟಿ ಬಿತ್ತು. ನಾನು ಹೆಂಗಸರ ಸಾಲಿನಿಂದ ನೋಡುತ್ತಿದ್ದೆ. ಇವರು ಎಲೆಗೆ ಅಡ್ಡ ಕೈ ಹಿಡಿದರು.

“ಏನ್ ಬೀಗ್ರೇ, ನಿಮ್ ಪಾಂಡುಪುರದ ಕಡೆ ಬರೀ ಸೊಪ್ಪು ತಿಂದು ಬೆಳದೋರಾ?” ಎಂದ ಬಡಿಸುವವನು.

ಸಾಲಿನವರೆಲ್ಲ ನಕ್ಕರು. ಭಾವ ಇವರ ಕೈಯನ್ನು ಹಿಡಿದು ಪಕ್ಕಕ್ಕೆ ಸರಿಸಿ, “ಆಕಿ ಆಕಿ, ನಾಚ್ಕೆ ಅವ್ನಿಗೆ” ಎಂದರು. ಇವರು ತಿಂದರು.

ಬಾಡನ್ನು ನಾನು ಬೈಯುವುದಿಲ್ಲ. ಒಂದು ಊಟದಿಂದಲೇ ಆಯಿತೆಂದು ಹೇಳುವಷ್ಟು ನಾನು ಓದಿಲ್ಲ. ಬೆಳಿಗ್ಗೆಯೇ ನಕ್ಷತ್ರ ಅರ್ಧಕ್ಕೆ ನಿಂತಿತ್ತು. ನಾನು ಬೈಯುವುದು ಆಮೇಲೆ ನಡೆದದ್ದನ್ನು.

ಊಟ ಮುಗಿದು ಸ್ವಲ್ಪ ಹೊತ್ತಿಗೆ ಸವಿತ ಒಳಗೆ ಬಂದು, “ಚಿಕ್ಕವ್ವ, ಚಿಕ್ಕಪ್ಪ ಒಂಥರಾ ಮಾತಾಡ್ತಾವ್ರೆ” ಎಂದಳು. ಹೊರಗೆ ಓಡಿದೆ. ಚಪ್ಪರದ ಪಕ್ಕದ ಸ್ಕೂಲಿನ ಜಗಲಿಯ ಮೇಲೆ ಕುಡಿದವರನ್ನು ಸಾಲಾಗಿ ಮಲಗಿಸಿದ್ದರು. ಆ ಸಾಲಿನ ಕೊನೆಯಲ್ಲಿ ಇವರನ್ನೂ ಮಲಗಿಸಿದ್ದರು. ಅಷ್ಟು ಜನರಲ್ಲಿ ಕುಡಿಯದಿದ್ದವರು ಇವರೊಬ್ಬರೇ. ಹೆಸರು ಕೇಳಿದರೆ ಡೈರಿಯ ಕ್ಯಾನುಗಳ ವಿಷಯ ಹೇಳುತ್ತಿದ್ದರು. ಕೈ ಹಿಡಿದು ಎತ್ತಿದೆ. ಅಂಗೈ ಪಟ್ಟನೆ ಬಿತ್ತು.

“ಇವ್ರು ಕುಡ್ದಿಲ್ಲ. ಕಾಯ್ಲೆ ಇದು. ಮೈಸೂರ್ಗೆ ಕರ್ಕೊಂಡೋಗ್ಬೇಕು,” ಎಂದೆ. ಅಲ್ಲಿ ಎಲೆಯಡಿಕೆ ಹಾಕುತ್ತಿದ್ದ ಗಂಡಸರು ಭಾವನ ಮುಖ ನೋಡಿದರು. ಭಾವ ನಕ್ಕರು.

“ವಸಿ ಜಾಸ್ತಿ ಆಗೈತೆ ನಮ್ ತಮ್ಮಂಗೆ. ಇಳುದ್ರೆ ಎದ್ದೇಳ್ತಾನೆ, ಬುಡಿ.”

“ಎಲ್ಲಾ ಎಂಡ್ರೂ ಇಂಗೇ ಅನ್ನದು ಕಣಕ್ಕಾ,” ಎಂದ ಒಬ್ಬ. ಆಸ್ಪತ್ರೆಯ ಆ ಚಿಕ್ಕ ಡಾಕ್ಟರ ಮಾತೇ ಕಿಕ್ಕೇರಿಯ ಕಡೆಯೂ ಇತ್ತು.

ಭಾವನನ್ನು ಜಗಲಿಯ ಮೂಲೆಗೆ ಕರೆದೆ. ಕಾಗದದ ಮೇಲಿನ ಗೀಟುಗಳನ್ನು ನೀವೂ ನೋಡಿದ್ದಿರಲ್ಲ ಎಂದೆ. ಅವರು ದನಿ ಇಳಿಸಿ ಹೇಳಿದರು: “ಸುಮ್ಕಿರವ್ವ. ಲಿವರ್ರು ಅಂತ ಇಲ್ಲಿ ಬಾಯ್ಬುಟ್ರೆ ನಾಳೀಕೆ ಸವಿತನ್ನ ತಂದು ನಮ್ ಬಾಗ್ಲಲ್ಲಿ ಬುಡ್ತಾರೆ. ಕುಡ್ದವ್ನೆ ಅಂದ್ರೆ ಯಾರೂ ಏನೂ ಅನ್ನಕಿಲ್ಲ. ಸಂಜೆ ಬಸ್ಸು ಒಂಟ್ಮೇಲೆ ನೇರ ಆಸ್ಪತ್ರೇಗೇ ಓಗಾನ.”

ಕುಡಿದಿದ್ದಾನೆ ಎಂದರೆ ಯಾರೂ ಏನೂ ಅನ್ನುವುದಿಲ್ಲ. ಈ ಮಾತನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿದ್ದೇನೋ. ತಿಳಿಯದವರು ಹಾಗೆ ಅಂದುಕೊಂಡರೆ ಅದು ತಿಳಿವಳಿಕೆ ಇಲ್ಲದ್ದು. ಭಾವ ತಿಳಿದವರು. ತಮ್ಮನಿಗೆ ಇರುವುದು ಕಾಯಿಲೆ ಎಂದು ಗೊತ್ತಿದ್ದೂ, ಕಾಯಿಲೆಗಿಂತ ಕುಡಿತ ಮರ್ಯಾದೆಯದು ಎಂದು ಆರಿಸಿಕೊಂಡವರು.

ಸಂಜೆಯವರೆಗೆ ಸೆರಗಿನಿಂದ ನೊಣ ಓಡಿಸುತ್ತ ಕೂತೆ. ಪಕ್ಕದಲ್ಲಿ ಮಲಗಿದ್ದವರು ಒಬ್ಬೊಬ್ಬರಾಗಿ ಎದ್ದು, ಮುಖ ತೊಳೆದು, ನಾಚಿಕೊಂಡು ಹೋದರು. ಇವರು ಏಳಲಿಲ್ಲ. ಬಸ್ಸು ಹೊರಟಾಗ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಹತ್ತಿಸುವವರು ಇನ್ನೂ ನಗುತ್ತಿದ್ದರು.

ಮೈಸೂರಿನಲ್ಲಿ ಡಾಕ್ಟರಮ್ಮ ಕೇಳಿದ್ದು ಒಂದೇ. “ಇಷ್ಟು ಹೊತ್ತು ಏನ್ಮಾಡ್ತಾ ಇದ್ರಿ?” ನಾನು ಭಾವನನ್ನು ನೋಡಿದೆ. ಭಾವ ನೆಲ ನೋಡಿದರು. ಮತ್ತೆ ತಂತಿ ಅಂಟಿಸಿದರು. ಈ ಸಲ ಎಮ್ಮೆಯ ಅಲೆಯೂ ಇರಲಿಲ್ಲ. ಕೆರೆ ಸುಮ್ಮನಾಗುತ್ತಿತ್ತು. ಹಿಂದಿನ ಸಲದ ಹಾಗೆ ಫ್ಯಾನು ನೋಡಿ ಬೀಗದ ಕೈ ಕೇಳಬಹುದೆಂದು ಪಕ್ಕದಲ್ಲೇ ಕಾದೆ. ಕೇಳಲಿಲ್ಲ. ಆ ವಾರ ಕಳೆಯುವ ಮೊದಲೇ ಹೋದರು.

ತಿಥಿಯ ದಿನ ಸತ್ತವರಿಗೆ ಇಷ್ಟವಾದದ್ದನ್ನು ಎಡೆಗೆ ಇಡುವುದು ನಮ್ಮಲ್ಲಿ ಪದ್ಧತಿ. ಎಡೆಯ ಎಲೆಯಲ್ಲಿ ನಾನು ವಡೆ, ಪಾಯಸ, ಇವರು ಇಷ್ಟಪಡುತ್ತಿದ್ದ ಹುರಿಗಡಲೆ ಇಟ್ಟಿದ್ದೆ. ಕೈ ಮುಗಿಯಲು ಹೋದಾಗ ನೋಡುತ್ತೇನೆ, ಎಲೆಯ ಪಕ್ಕ ಬ್ರಾಂದಿಯ ಒಂದು ಬಾಟಲಿ. ಯಾರು ಇಟ್ಟರೋ. ಇಟ್ಟವರಿಗೆ ಕೆಟ್ಟ ಮನಸ್ಸು ಇರಲಿಲ್ಲ. ಇಷ್ಟದ್ದು ಎಂದು ಪ್ರೀತಿಯಿಂದಲೇ ಇಟ್ಟಿದ್ದರು.

ನಾನು ಬಾಟಲಿಯನ್ನು ಎತ್ತಿಕೊಂಡು ಹೋಗಿ, ಜನರ ನಡುವೆ ಕೂತಿದ್ದ ಭಾವನ ಮುಂದೆ ಇಟ್ಟೆ.

“ಭಾವ, ಇವ್ರು ಕುಡೀತಿರ್ಲಿಲ್ಲ ಅಂತ ಒಂದ್ ಮಾತು ಏಳಿ. ನೀವು ಏಳುದ್ರೆ ಎಲ್ರೂ ನಂಬ್ತಾರೆ.”

ಭಾವ ಬೀಗರು ಕೂತಿದ್ದ ಕಡೆ ಒಮ್ಮೆ ನೋಡಿದರು. “ಸತ್ತೋನ್ ಇಸ್ಯ ಈಗ್ಯಾಕವ್ವ” ಎಂದು ಬಾಟಲಿಯನ್ನು ಪಂಚೆಯ ಮರೆಯಲ್ಲಿ ಸರಿಸಿ ಎದ್ದು ಹೋದರು.

ಮುಂದಿನ ಮಾರ್ನಮಿಗೆ, ಸತ್ತ ಹಿರಿಯರಿಗೆ ಎಡೆ ಇಡುವ ಹಬ್ಬಕ್ಕೆ, ಸವಿತ ತನ್ನ ಅತ್ತೆ ನಿಂಗಮ್ಮನವರನ್ನು ಕರೆದುಕೊಂಡು ಎಡೆಗೆ ಕೈ ಮುಗಿಯಲು ಬಂದಳು. ಸವಿತ ಅವರಿಗೆ ಎಲ್ಲ ಹೇಳಿಬಿಟ್ಟಿದ್ದಳು. ನಿಂಗಮ್ಮ ನನ್ನ ಪಕ್ಕದಲ್ಲಿ ಗೋಡೆಗೆ ಒರಗಿ ಕೂತರು.

“ನನ್ ತಮ್ಮನೂ ಇಂಗೇ ಲಿವರ್ರಲ್ಲೇ ಓದ ಕಣವ್ವ,” ಎಂದರು. “ನಾವೂ ಯಾರ್ಗೂ ಏಳ್ನಿಲ್ಲ. ನಿಮ್ ಕಡೆಯೋರು ಎಣ್ಣು ಕೊಡಕಿಲ್ಲ ಅಂತ.”

ನಾನು ಅವರ ಮುಖ ನೋಡಿದೆ.

“ನಂಗೆ ಒಂದ್ ಮಾತು ಏಳಿದ್ರೆ ಕರ್ಕೊಂಡ್ ಓಗ್ತಿದ್ವಲ್ಲವ್ವ. ಸ್ಕೂಲ್ ಮುಂದೆ ನಮ್ ಜೀಪು ನಿಂತಿತ್ತಲ್ಲ. ಡ್ರೈವರೂ ಅದ್ರಲ್ಲೇ ಕುಂತಿದ್ದ.”

ಹೌದು, ನಿಂತಿತ್ತು. ಮಧ್ಯಾಹ್ನವೆಲ್ಲ ನಾನು ಆ ಜೀಪಿನ ನೆರಳು ಜಗಲಿಯ ಕಡೆಗೆ ಉದ್ದವಾಗುವುದನ್ನು ನೋಡುತ್ತಲೇ ಕೂತಿದ್ದೆ.

ನಿಮ್ಮ ಮನೆಯಲ್ಲಿ ಯಾರಾದರೂ ತೊದಲಿದರೆ, ತೂಕಡಿಸಿದರೆ, ಮೂಸಿ ನೋಡಿ ತೀರ್ಮಾನ ಮಾಡಬೇಡಿ. ಬಸ್ಸಿಗೆ ಕೈ ಅಡ್ಡ ಹಿಡಿದ ಹಾಗೆ ಹಿಡಿಯಲು ಹೇಳಿ. ಕೈ ನಿಂತರೂ ಮನಸ್ಸು ಒಪ್ಪದಿದ್ದರೆ ಆಸ್ಪತ್ರೆಗೆ ಹೋಗಿ. ಕೈ ಬಿದ್ದರೆ ಎದುರಿಗೆ ಯಾರಿದ್ದಾರೆ ಎಂದು ನೋಡದೆ ಜೋರಾಗಿ ಹೇಳಿ, ಇದು ಕಾಯಿಲೆ ಎಂದು. ಎದುರಿಗಿರುವವರು ಬೀಗರೇ ಆಗಿರಲಿ. ಅವರ ಜೀಪು ಅಲ್ಲೇ ನಿಂತಿರಬಹುದು.